ಕಾಣೆಯಾದ 1.22 ಮೀಟರ್: ಮುನಿರಾಬಾದ್ ಹಿನ್ನೀರಿನಲ್ಲಿ ಲಂಗರು ಹಾಕಿದ ಉಪಕರಣಗಳ ಒಂದು ಪ್ರಕರಣ

ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಕಡೆ ತುಂಗಭದ್ರಾ ಜಲಾಶಯದ ಹಿನ್ನೀರು. ಅಕ್ಟೋಬರ್ ತಿಂಗಳು, ಜಲಾಶಯ ತುಂಬಿ ನಿಂತ ಹೊತ್ತು. 22 ಮೀಟರ್ ಆಳದ ಒಂದು ಜಾಗದಲ್ಲಿ ಲಂಗರು ಹಾಕಿ ನೆಟ್ಟಗೆ ನಿಲ್ಲಿಸಿದ್ದ ಹಗ್ಗಕ್ಕೆ ಏಳು ಉಪಕರಣಗಳನ್ನು ಕಟ್ಟಲಾಗಿತ್ತು. ಏಳೂ ಉಷ್ಣತೆ ಅಳೆಯುವಂಥವು; ಎರಡು ಮಾತ್ರ ಒತ್ತಡವನ್ನೂ ದಾಖಲಿಸುವಂಥವು. ತಳದಿಂದ 2 ಮೀಟರ್ ಮೇಲಿದ್ದ ಒತ್ತಡಮಾಪಕ 20 ಮೀಟರ್ ಆಳ ತೋರಿಸಬೇಕಿತ್ತು, 18.78 ತೋರಿಸಿತು. ತಳದಿಂದ 16 ಮೀಟರ್ ಮೇಲೆ, ತೇಲುಗೋಳದ ಕೆಳಗೇ ಇದ್ದದ್ದು 6 ಮೀಟರ್ ತೋರಿಸಬೇಕಿತ್ತು, 5.23 ತೋರಿಸಿತು.

ಮೂರು ದಿನದ ಪರೀಕ್ಷೆ ಮುಗಿಸಿ ಉಪಕರಣ ಕಟ್ಟಿದ ಆ ಹಗ್ಗವನ್ನು, ಅಂದರೆ ಸರವನ್ನು, ಮೇಲೆತ್ತಿದಾಗ ಕಡತದಲ್ಲಿ ಕಂಡದ್ದು ಇಷ್ಟು. ಕೆಳಗೆ 1.22 ಮೀಟರ್ ಕೊರತೆ, ಮೇಲೆ 0.77 ಮೀಟರ್ ಕೊರತೆ. ಹಗ್ಗ ಹರಿದಿರಲಿಲ್ಲ, ಗಂಟು ಜಾರಿರಲಿಲ್ಲ, ಮಾಪಕಗಳೂ ಕೆಟ್ಟಿರಲಿಲ್ಲ. ಆ ಕೊರತೆಯನ್ನು ಹುಡುಕಿ ತೆಗೆದ ಬಗೆ ಇಲ್ಲಿದೆ.

ಚಳಿಕಡಲಿನ ಸರ, ಬಿಸಿಲ ನಾಡಿನ ನೀರು

ಸಾಗರದಲ್ಲಿ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಉಪಕರಣ ನಿಲ್ಲಿಸಿ ಅಳೆಯುವ ವ್ಯವಸ್ಥೆಗೆ ಮೂರಿಂಗ್ ಎನ್ನುತ್ತಾರೆ. ತಳದಲ್ಲಿ ಭಾರ, ಮೇಲೆ ತೇಲುಗೋಳ, ನಡುವೆ ಬಿಗಿಯಾಗಿ ನಿಂತ ಹಗ್ಗ ಅಥವಾ ಉಕ್ಕಿನ ತಂತಿ, ಅದರ ಉದ್ದಕ್ಕೂ ಉಪಕರಣಗಳು. ಅಲಾಸ್ಕಾದ ಪಶ್ಚಿಮಕ್ಕೆ, ಬೇರಿಂಗ್ ಸಮುದ್ರದ ಆಗ್ನೇಯ ಖಂಡಾವರಣ ಪ್ರದೇಶದಲ್ಲಿ (ಭೂಖಂಡದ ಅಂಚಿನ, ಆಳ ಕಡಿಮೆಯ ಕಡಲಿನಲ್ಲಿ) ಇರುವ ಎಂ2 ತಾಣ ಇಂಥದ್ದೇ. ಆಳ ಸುಮಾರು 70 ಮೀಟರ್. ಅಮೆರಿಕ ಸರ್ಕಾರದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾದ ವಿಜ್ಞಾನಿಗಳು 1995ರಿಂದ ಅಲ್ಲಿ ಅಳತೆ ನಡೆಸಿಕೊಂಡು ಬಂದಿದ್ದಾರೆ. ಬೇಸಿಗೆಯಲ್ಲಿ ನೀರಿನ ಮೇಲೆ ತೇಲುಬುರುಡೆ (ಬಾಯ್) ಇರುತ್ತದೆ. ಚಳಿಗಾಲದಲ್ಲಿ ಕಡಲಿನ ಮೇಲೆ ಹಿಮ ಹಾಸುವ ಕಾರಣ ನೀರೊಳಗೇ ಅಡಗಿ ನಿಲ್ಲುವ ಸರವನ್ನು ಹೂಡುತ್ತಾರೆ. ಇನ್ನೂ ಉತ್ತರಕ್ಕೆ, ಚುಕ್ಚಿ ಸಮುದ್ರದಲ್ಲಿ 2014ರಿಂದ ನಡೆಯುತ್ತಿರುವ ವೀಕ್ಷಣಾಲಯದಲ್ಲಿ ನೀರು 46 ಮೀಟರ್ ಆಳವಿದ್ದರೂ ತುದಿಯ ತೇಲುಗೋಳ ಇರುವುದು 33 ಮೀಟರ್ ಆಳದಲ್ಲಿ. ಒಂದರ ಮೇಲೊಂದು ಏರಿ ನಿಂತ ಹಿಮಗಡ್ಡೆಗಳ ಅಡಿಭಾಗ ಕೆಳಗಿಳಿದು ಉಜ್ಜಿಕೊಂಡು ಹೋದರೆ ಅದಕ್ಕಿಂತ ಮೇಲಿದ್ದದ್ದು ಉಳಿಯುವುದಿಲ್ಲ. ಭಾರತದ್ದೂ ಒಂದಿದೆ: ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್‌ಬಾರ್ಡ್‌ನ ಕಾಂಗ್ಸ್‌ಫ್ಯೋರ್ಡೆನ್‌ನಲ್ಲಿ, 192 ಮೀಟರ್ ಆಳದಲ್ಲಿ, 2014ರ ಜುಲೈನಲ್ಲಿ ಹೂಡಿದ ಇಂಡ್‌ಆರ್ಕ್.

ಇಂಥ ಕೆಲಸಕ್ಕೆ ಹೊರಟವರಿಗೆ ಹಡಗಿನ ಮೇಲೆ ಮೊದಲ ಪಾಠ ಕಲಿಸುವುದು ತುಂಬಾ ದುಬಾರಿ. ಹಗ್ಗ ಅಳೆಯುವುದು, ಶ್ಯಾಕಲ್ (ಪಿನ್ನು ಹಾಕಿ ಮುಚ್ಚುವ ಲೋಹದ ಕೊಂಡಿ) ಕಟ್ಟುವುದು, ಭಾರ ಇಳಿಸುವುದು, ಗಡಿಯಾರ ಹೊಂದಿಸುವುದು, ದಾಖಲೆ ಬರೆಯುವುದು, ಇವಿಷ್ಟನ್ನೂ ಜಲಾಶಯದಲ್ಲಿ ಕಲಿಯಬಹುದು. ಈ ಪ್ರಕರಣದ ಸರ ಅಂಥ ತಾಲೀಮಿಗೆಂದೇ ಹೂಡಿದ್ದು. ಹಿಮ ಇಲ್ಲಿಲ್ಲ, ಆದರೆ ಮೀನುಗಾರರ ಬಲೆ ಇದೆ, ತೇಲುವ ವಸ್ತು ಕಂಡರೆ ಬಿಚ್ಚಿ ನೋಡುವ ಕೈಗಳಿವೆ. ಹಾಗಾಗಿ ತೇಲುಗೋಳವನ್ನು ನೀರಿನಡಿ ಅಡಗಿಸುವ ಲೆಕ್ಕ ಎರಡೂ ಕಡೆ ಒಂದೇ.

ಏನೇನು ಕಟ್ಟಿದ್ದರು

ತೇಲುಗೋಳಗಳು ಎರಡು, ತಲಾ 28 ಸೆಂ.ಮೀ ವ್ಯಾಸದ ಗಟ್ಟಿ ಪ್ಲಾಸ್ಟಿಕ್ ಗೋಳ. ಒಂದು ಗೋಳ 11.5 ಲೀಟರ್ ನೀರನ್ನು ಸರಿಸುತ್ತದೆ. ಅದರ ಸ್ವಂತ ತೂಕ 3 ಕಿಲೊ ಕಳೆದರೆ ಎತ್ತುವ ಶಕ್ತಿ 8.5 ಕಿಲೊ. ಎರಡಕ್ಕೆ 17. ಹಗ್ಗ, ಉಪಕರಣ, ಕೊಂಡಿಗಳ ನೀರಿನೊಳಗಿನ ತೂಕ 5 ಕಿಲೊ ಕಳೆದರೆ ಹಗ್ಗವನ್ನು ಬಿಗಿಯಾಗಿ ಹಿಡಿಯಲು 12 ಕಿಲೊ ಉಳಿಯುತ್ತದೆ.

ಲಂಗರು 60 ಸೆಂ.ಮೀ ಉದ್ದ, ಅಷ್ಟೇ ಅಗಲ, 7 ಸೆಂ.ಮೀ ದಪ್ಪದ ಕಾಂಕ್ರೀಟ್ ಚಪ್ಪಡಿ. ದಡದ ಮೇಲೆ 60 ಕಿಲೊ, ನೀರಿನಲ್ಲಿ 35 ಕಿಲೊ ಮಾತ್ರ. ಕಾಂಕ್ರೀಟ್ ನೀರಿಗಿಂತ 2.4 ಪಟ್ಟಷ್ಟೇ ಭಾರ. ನೀರಿಗಿಳಿದರೆ ನೂರಕ್ಕೆ 42ರಷ್ಟು ತೂಕ ಕಳೆದುಕೊಳ್ಳುತ್ತದೆ. ಅದೇ 60 ಕಿಲೊ ಕಬ್ಬಿಣವಾಗಿದ್ದರೆ ನೀರಿನಲ್ಲೂ 52 ಕಿಲೊ ತೂಗುತ್ತಿತ್ತು. ಕಡಲಿನ ಮೂರಿಂಗ್‌ಗಳಲ್ಲಿ ಹಳೆಯ ರೈಲು ಗಾಲಿಗಳನ್ನು ಲಂಗರು ಮಾಡುವುದಕ್ಕೆ ಇದೇ ಕಾರಣ. ಇಲ್ಲಿ ಚಪ್ಪಡಿ ಆರಿಸಿದ್ದು ಹೂಳಿಗಾಗಿ. 35 ಕಿಲೊದಲ್ಲಿ 12ನ್ನು ತೇಲುಗೋಳಗಳು ಎತ್ತಿ ಹಿಡಿಯುತ್ತವೆ. ಉಳಿದ 23 ಕಿಲೊ 0.36 ಚದರ ಮೀಟರ್ ಮೇಲೆ ಹರಡಿದರೆ ಹೂಳಿನ ಮೇಲೆ ಬೀಳುವ ಒತ್ತಡ ಬಹಳ ಕಡಿಮೆ. ಅದೇ ತೂಕದ ಗುಂಡುಕಲ್ಲು ಇಳಿಬಿಟ್ಟಿದ್ದರೆ ಹೂಳಿನೊಳಗೆ ಹೂತುಹೋಗುತ್ತಿತ್ತು. ಚಪ್ಪಡಿಯ ತೊಂದರೆ ಮೇಲೆತ್ತುವಾಗ ಬರುತ್ತದೆ: ಮೆತ್ತನೆಯ ಕೆಸರು ಅದನ್ನು ಹೀರಿ ಹಿಡಿಯುತ್ತದೆ. ಎರಕ ಹೊಯ್ಯುವಾಗಲೇ ನಾಲ್ಕು ಇಂಚಿನ ಪಿವಿಸಿ ಕೊಳವೆ ತುಂಡು ಇಟ್ಟು ನಾಲ್ಕು ತೂತು ಬಿಟ್ಟರೆ ಆ ಹಿಡಿತ ಸಡಿಲುತ್ತದೆ.

ಹಗ್ಗ 8 ಮಿ.ಮೀ ಪಾಲಿಯೆಸ್ಟರ್. ನೈಲಾನ್ ಬೇಡ, ಒದ್ದೆಯಾದರೆ ಎಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪಾಲಿಪ್ರೊಪಿಲೀನ್ ಹಗ್ಗ ನೀರಿನಲ್ಲಿ ತೇಲುತ್ತದೆ, ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಅದೂ ಬೇಡ. ಅಳತೆಯ ಗುರುತು ಹಾಕುವ ಮುನ್ನ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ, ಮುಳ್ಳು 12 ಕಿಲೊ ತೋರಿಸುವವರೆಗೆ ಎಳೆದು ಹಿಡಿಯಬೇಕು. ನೀರಿನಲ್ಲಿ ಹಗ್ಗದ ಮೇಲೆ ಬೀಳುವ ಎಳೆತ ಅದೇ. ಸಡಿಲ ಹಗ್ಗದ ಮೇಲೆ ಹಾಕಿದ ಗುರುತು ನೀರಿನೊಳಗೆ ಬೇರೆ ಕಡೆ ಇರುತ್ತದೆ. ಈ ತಾಲೀಮಿನಲ್ಲಿ ಎಳೆದು ಹಿಡಿದೇ ಗುರುತು ಹಾಕಲಾಗಿತ್ತು; ಎರಡು ಒತ್ತಡಮಾಪಕಗಳ ನಡುವೆ ಸರಿಯಾಗಿ 14 ಮೀಟರ್. ಮುಂದೆ ಕೈ ಹಿಡಿದದ್ದು ಈ ಅಂಕಿಯೇ.

ಪ್ರತಿ ಶ್ಯಾಕಲ್‌ನ ಪಿನ್ನನ್ನು ತಂತಿ ಸುತ್ತಿ ಬಿಗಿಯಲಾಗಿತ್ತು. ಸದಾ ಅಲುಗುವ ಸರದಲ್ಲಿ ಪಿನ್ನು ತಾನಾಗಿ ಬಿಚ್ಚಿಕೊಳ್ಳಲು ವಾರಗಳು ಸಾಕು. ಕಡಲಿನಲ್ಲಾದರೆ ಸ್ಟೇನ್‌ಲೆಸ್ ಶ್ಯಾಕಲ್ ಮತ್ತು ಸತು ಲೇಪಿಸಿದ ಸರಪಳಿ ನೇರವಾಗಿ ತಾಗದಂತೆ ನಡುವೆ ಪ್ಲಾಸ್ಟಿಕ್ ಬುಷ್ ಇಡಲೇಬೇಕು. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದರೆ ಸಣ್ಣ ಬ್ಯಾಟರಿಯಂತಾಗಿ ಒಂದು ಸವೆಯುತ್ತದೆ. ಸಿಹಿನೀರಿನಲ್ಲಿ ಆ ಸವೆತ ನಿಧಾನ. ಆದರೂ ಬುಷ್ ಹಾಕುವ ಅಭ್ಯಾಸ ಇಲ್ಲಿಯೇ ಕೈಗೆ ಬರಬೇಕು.

ಮೇಲೆತ್ತುವ ವ್ಯವಸ್ಥೆ ಸರಳ. ಹಡಗಿನವರು ಶಬ್ದ ಸಂಕೇತಕ್ಕೆ ಬಾಯಿ ತೆರೆಯುವ ಬಿಡುಗಡೆ ಕೊಂಡಿ ಬಳಸುತ್ತಾರೆ. ಇಲ್ಲಿ ಲಂಗರಿನಿಂದ ತಳದ ಮೇಲೆ ಮಲಗಿದಂತೆ 50 ಮೀಟರ್ ಎಳೆಹಗ್ಗ, ಅದರ ಕೊನೆಗೆ 5 ಕಿಲೊದ ಸಣ್ಣ ಭಾರ. ಎರಡೂ ತುದಿಯ ಜಿಪಿಎಸ್ ಗುರುತು ಇಟ್ಟುಕೊಂಡು, ಕೊಕ್ಕೆಯನ್ನು ಆ ಗೆರೆಗೆ ಅಡ್ಡಲಾಗಿ ಎಳೆದರೆ ಹಗ್ಗ ಸಿಕ್ಕುತ್ತದೆ. 60 ಕಿಲೊ ಭಾರವನ್ನು ಒಂಟಿ ಹರಿಗೋಲಿನ ಅಂಚಿನಿಂದ ಎಸೆಯಬಾರದು, ಹರಿಗೋಲು ಮಗುಚುತ್ತದೆ. ಎರಡು ಹರಿಗೋಲುಗಳನ್ನು ಬಿದಿರಿನಿಂದ ಜೋಡಿಸಿ, ನಡುವಿನ ಸಂದಿಯಿಂದ ಜಾರುಹಗ್ಗದಲ್ಲಿ ಮೆಲ್ಲಗೆ ಇಳಿಸಬೇಕು. ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಬೇಕು, ಅಣೆಕಟ್ಟಿನ ಅಧಿಕಾರಿಗಳ ಅನುಮತಿ ಮೊದಲೇ ಕೈಯಲ್ಲಿರಬೇಕು.

ಮೊದಲ ಅನುಮಾನಗಳು

ಮೊದಲು ಅನುಮಾನ ಬಂದದ್ದು 22 ಮೀಟರ್ ಎಂಬ ಅಳತೆಯ ಮೇಲೆಯೇ. ಅನುಮಾನ ಹುಟ್ಟಿಸಿದವರು ಹರಿಗೋಲು ನಡೆಸಿದ ಮೀನುಗಾರ. "ಸರ್, ಗುಂಡು ಬಿಟ್ಟ್ರ ಗಟ್ಟಿ ನೆಲಕ್ಕ ಹೋಗಿ ನಿಂದ್ರಂಗಿಲ್ರೀ. ಹೂಳ ಐತಿ, ಒಂದು ಮೊಳ ಒಳಗ ಹೋಗತೈತಿ." ಅವರ ಮಾತು ಗಟ್ಟಿಯಾದದ್ದು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ತುಂಬಿದರೂ 105.788 ಟಿಎಂಸಿ, ಉಳಿದ ಜಾಗವನ್ನೆಲ್ಲ ಹೂಳು ತಿಂದಿದೆ. ಚೂಪು ಸೀಸದ ಗುಂಡು ಕಟ್ಟಿ ಅಳೆದಾಗ 22.4 ಮೀಟರ್ ಬಂತು. ಅದೇ ಜಾಗದಲ್ಲಿ 20 ಸೆಂ.ಮೀ ಅಗಲದ ಚಪ್ಪಟೆ ತಟ್ಟೆ ಕಟ್ಟಿ ಇಳಿಸಿದಾಗ 22.0. ಚಪ್ಪಡಿ ಲಂಗರು ಕೂರುವುದು ತಟ್ಟೆ ಕೂತ ಕಡೆಯೇ ಆದ್ದರಿಂದ 22.0 ಸರಿ ಎಂದಾಯಿತು. ಒಂದು ವೇಳೆ ಲಂಗರೂ ಹೂಳಿನೊಳಗೆ ಇಳಿದಿದ್ದರೆ ಇಡೀ ಸರ ಕೆಳಕ್ಕೆ ಹೋಗಿ ಮಾಪಕಗಳು ಹೆಚ್ಚು ಆಳ ತೋರಿಸಬೇಕಿತ್ತು. ತೋರಿಸಿದ್ದು ಕಡಿಮೆ ಆಳ. ಹೂಳು ಅಪರಾಧಿಯಲ್ಲ.

ಎರಡನೆಯ ಅನುಮಾನ ವಾಲುವಿಕೆ. ಕಡಲಿನ ಮೂರಿಂಗ್ ಕೆಲಸದಲ್ಲಿ ಎಲ್ಲರ ತಲೆಗೂ ಮೊದಲು ಬರುವುದು ಇದೇ: ಪ್ರವಾಹ ತಳ್ಳಿದರೆ ಸರ ವಾಲುತ್ತದೆ. ಮಾಪಕಗಳ ಪ್ರಕಾರ ಎರಡರ ನಡುವಿನ ಅಂತರ 18.78 ಕಳೆ 5.23, ಅಂದರೆ 13.55 ಮೀಟರ್. ಹಗ್ಗದ ಮೇಲೆ 14. ವಾಲಿದ ಹಗ್ಗದಲ್ಲಿ ಲಂಬ ಅಂತರ ಕಡಿಮೆಯಾಗುವುದು ನಿಜ; 14.6 ಡಿಗ್ರಿ ವಾಲಿದರೆ 14 ಮೀಟರ್ 13.55 ಆಗುತ್ತದೆ. ಲೆಕ್ಕ ಕೂಡಿಬಂತು ಎಂದು ಇಲ್ಲಿಗೇ ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಅಷ್ಟು ವಾಲಿದರೆ ಮೇಲಿನ ಮಾಪಕ 6 ಮೀಟರಿನಿಂದ ಸುಮಾರು 6.5 ಮೀಟರಿಗೆ ಇಳಿಯಬೇಕು. ಅದು ತೋರಿಸುತ್ತಿರುವುದು 5.23. ವಾಲುವಿಕೆ ಒಂದು ಅಂಕಿಯನ್ನು ವಿವರಿಸಿ ಇನ್ನೊಂದನ್ನು ತಲೆಕೆಳಗು ಮಾಡುತ್ತದೆ.

ಬಲದ ಲೆಕ್ಕವೂ ಅದನ್ನೇ ಹೇಳುತ್ತದೆ. ನೀರು ಸೆಕೆಂಡಿಗೆ 10 ಸೆಂ.ಮೀ ಹರಿದರೆ ಗೋಳ, ಹಗ್ಗ, ಉಪಕರಣ ಎಲ್ಲ ಸೇರಿ ಅಡ್ಡಕ್ಕೆ ಬೀಳುವ ತಳ್ಳು ಸುಮಾರು 1.6 ನ್ಯೂಟನ್. ಹಗ್ಗದ ಬಿಗಿ 12 ಕಿಲೊ, ಅಂದರೆ 118 ನ್ಯೂಟನ್. ವಾಲುವುದು ಒಂದು ಡಿಗ್ರಿಗೂ ಕಡಿಮೆ, ತುದಿ ಇಳಿಯುವುದು ಮಿಲಿಮೀಟರುಗಳಲ್ಲಿ. 14.6 ಡಿಗ್ರಿ ವಾಲಿಸಲು 31 ನ್ಯೂಟನ್ ಬೇಕು. ತಳ್ಳು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ನೀರು ಸೆಕೆಂಡಿಗೆ 40 ಸೆಂ.ಮೀಗೂ ಹೆಚ್ಚು ವೇಗದಲ್ಲಿ, ಅದೂ ಮೂರು ದಿನ ಒಂದೇ ಸಮ ಹರಿಯಬೇಕು. ಉಬ್ಬರವಿಳಿತದ ಕಡಲಿನಲ್ಲಿ ಆ ವೇಗ ಮಾಮೂಲು. ಹಿನ್ನೀರಿನ ಆ ಮೂಲೆಯಲ್ಲಿ ಬುಟ್ಟಿ ತೇಲಿಬಿಟ್ಟರೂ ನಿಂತಲ್ಲೇ ನಿಲ್ಲುತ್ತಿತ್ತು.

ಮೂರನೆಯದು ಮಾಪಕದ ಜಾರುವಿಕೆ, ಅಂದರೆ ಅದರ ಓದು ಕಾಲಕ್ರಮದಲ್ಲಿ ಮೆಲ್ಲಗೆ ತಪ್ಪುತ್ತ ಹೋಗುವುದು. ಎರಡು ಬೇರೆ ಬೇರೆ ಮಾಪಕಗಳು ಒಂದೇ ದಿಕ್ಕಿಗೆ, ನೀರಿಗಿಳಿದ ಮೊದಲ ಕ್ಷಣದಿಂದಲೇ ಜಾರುವುದು ಅಸಂಭವ. ಜಾರುವಿಕೆ ತಿಂಗಳುಗಳಲ್ಲಿ ಬೆಳೆಯುವ ರೋಗ.

ಎರಡು ಬಿಂದು, ಒಂದು ಗೆರೆ

ಇಷ್ಟಾದ ಮೇಲೆ ಮಾಡಿದ್ದು ಸಣ್ಣ ಕೆಲಸ. ಅಡ್ಡಕ್ಕೆ ನಿಜವಾದ ಆಳ, ಉದ್ದಕ್ಕೆ ಕೊರತೆ ಇಟ್ಟು ಎರಡು ಬಿಂದು ಹಾಕಿ ಗೆರೆ ಎಳೆದದ್ದು. 6 ಮೀಟರಿನಲ್ಲಿ 0.77, 20 ಮೀಟರಿನಲ್ಲಿ 1.22. ಹದಿನಾಲ್ಕು ಮೀಟರಿಗೆ 0.45 ಏರಿಕೆ, ಅಂದರೆ ಪ್ರತಿ ಮೀಟರಿಗೆ 3.2 ಸೆಂ.ಮೀ. ಗೆರೆಯನ್ನು ಹಿಂದಕ್ಕೆ ಎಳೆದರೆ ಸೊನ್ನೆ ಆಳದಲ್ಲೂ 0.58 ಮೀಟರ್ ಕೊರತೆ ಉಳಿಯುತ್ತದೆ. ಅಂದರೆ ತಪ್ಪು ಒಂದಲ್ಲ, ಎರಡು. ಒಂದು ಎಲ್ಲ ಆಳದಲ್ಲೂ ಸಮ, ಇನ್ನೊಂದು ಆಳದ ಜೊತೆ ಬೆಳೆಯುವಂಥದ್ದು.

ಸಮವಾದದ್ದು ಗಾಳಿ. ಇಂಥ ಮಾಪಕ ಅಳೆಯುವುದು ನೀರಿನ ಒತ್ತಡವನ್ನಷ್ಟೇ ಅಲ್ಲ, ಅದರ ಮೇಲೆ ಕೂತ ಗಾಳಿಯ ಒತ್ತಡವನ್ನೂ ಸೇರಿಸಿ. ಆಳ ಲೆಕ್ಕ ಹಾಕುವಾಗ ಗಾಳಿಯ ಪಾಲನ್ನು ಕಳೆಯಬೇಕು. ಉಪಕರಣದಲ್ಲಿ ಬರೆದಿಟ್ಟಿದ್ದ ಮೌಲ್ಯ 1013 ಮಿಲಿಬಾರ್, ಕಡಲಮಟ್ಟದ್ದು. ತುಂಗಭದ್ರೆಯ ತುಂಬಿದ ಮಟ್ಟ 1,633 ಅಡಿ, ಅಂದರೆ ಕಡಲಿನಿಂದ 497.7 ಮೀಟರ್ ಎತ್ತರ; ದಡದ ವಾಯುಭಾರಮಾಪಕ 955 ತೋರಿಸುತ್ತಿತ್ತು. 58 ಮಿಲಿಬಾರ್ ಹೆಚ್ಚಿಗೆ ಕಳೆಯಲಾಗಿದೆ. ನೀರಿನ ಲೆಕ್ಕದಲ್ಲಿ ಅದು ಸುಮಾರು 58 ಸೆಂ.ಮೀ.

ಆಳದ ಜೊತೆ ಬೆಳೆದದ್ದು ಉಪ್ಪು ಮತ್ತು ಚಳಿ. ಉಪಕರಣದಲ್ಲಿ ಬರೆದಿಟ್ಟಿದ್ದದ್ದು ಚಳಿಕಡಲಿನ ನೀರಿನ ಲೆಕ್ಕ. 57 ಡಿಗ್ರಿ ಅಕ್ಷಾಂಶದ, ಲವಣಾಂಶ 32ರ (ಕಿಲೊ ನೀರಿಗೆ ಸುಮಾರು 32 ಗ್ರಾಂ ಉಪ್ಪು), ಹೆಪ್ಪುಗಟ್ಟುವ ಅಂಚಿನ ನೀರಿನ ಸಾಂದ್ರತೆ ಘನಮೀಟರಿಗೆ 1025 ಕಿಲೊ ಮೀರುತ್ತದೆ. ಅಲ್ಲಿ 1 ಡೆಸಿಬಾರ್ (100 ಮಿಲಿಬಾರ್) ಒತ್ತಡ ಅಂದರೆ 0.993 ಮೀಟರ್ ನೀರು. ಅಕ್ಟೋಬರಿನ ಹಿನ್ನೀರು 27 ಡಿಗ್ರಿ ಬೆಚ್ಚಗಿನ ಸಿಹಿನೀರು, ಸಾಂದ್ರತೆ 996.5, ಇಲ್ಲಿ 1 ಡೆಸಿಬಾರ್ ಅಂದರೆ 1.026 ಮೀಟರ್. ಎರಡರ ಅಂತರ ನೂರಕ್ಕೆ 3.2. ಗೆರೆಯ ಇಳಿಜಾರು ಅಷ್ಟೇ ಇತ್ತು.

ಕಡತದಲ್ಲಿದ್ದ ಕಚ್ಚಾ ಒತ್ತಡ ತೆಗೆದು ಹೊಸದಾಗಿ ಲೆಕ್ಕ ಹಾಕಿದರೆ ಹೀಗೆ ಬಂತು. ಕೆಳಗಿನದು 29.04 ಡೆಸಿಬಾರ್, ಅದರಲ್ಲಿ ಊರಿನ ಗಾಳಿ 9.55 ಕಳೆದು 1.026ರಿಂದ ಗುಣಿಸಿದರೆ 20.0 ಮೀಟರ್. ಮೇಲಿನದು 15.40, ಅದೇ ರೀತಿ 6.0 ಮೀಟರ್. ಕಡಲಿನ ಲೆಕ್ಕದಲ್ಲಿ 29.04ರಿಂದ 10.13 ಕಳೆದು 0.993ರಿಂದ ಗುಣಿಸಿದ್ದಕ್ಕೇ 18.78 ಬಂದಿತ್ತು.

ಬೇರಿಂಗ್ ಸಮುದ್ರದಂಥ ತಾಣಕ್ಕೆಂದು ಸಿದ್ಧಪಡಿಸಿದ್ದ ಸೆಟ್ಟಿಂಗ್ ಕಡತವನ್ನು ಹಾಗೆಯೇ ಎಲ್ಲ ಉಪಕರಣಗಳಿಗೂ ತುಂಬಿದ್ದೇ ಮೂಲ. ಉಪಕರಣದ ಮಟ್ಟಿಗೆ ಅದು ಚಳಿಕಡಲಿನಲ್ಲೇ ಇತ್ತು.

ಬೇಸರದ ಸಂಗತಿಯೆಂದರೆ ಉತ್ತರ ಮೊದಲ ಅರ್ಧ ಗಂಟೆಯಲ್ಲೇ ಬರೆದಿತ್ತು. ನಿಯಮದಂತೆ ಉಪಕರಣಗಳನ್ನು ನೀರಿಗಿಳಿಸುವ ಮುನ್ನ ದಡದ ನೆರಳಿನಲ್ಲಿ 30 ನಿಮಿಷ ಚಾಲೂ ಇಡಲಾಗಿತ್ತು. ಗಾಳಿಯಲ್ಲಿದ್ದಾಗ ಆಳ ಸೊನ್ನೆಯ ಆಸುಪಾಸು ಇರಬೇಕು. ಕಚ್ಚಾ ಕಡತದಲ್ಲಿ ಆ ಹೊತ್ತಿನ ಆಳ ಕಳೆ 0.58 ಮೀಟರ್. ಪರದೆಯ ಮೇಲೆ ನಕ್ಷೆ ಬಿಡಿಸುವ ತಂತ್ರಾಂಶ ಋಣ ಸಂಖ್ಯೆಗಳನ್ನೆಲ್ಲ ಸೊನ್ನೆ ಮಾಡಿ ತೋರಿಸಿತು. ನೋಡಿದವರಿಗೆ ಸೊಗಸಾದ ನೇರ ಗೆರೆ ಕಂಡಿತು. ಅಳತೆಯನ್ನು ಅಂದಗೊಳಿಸುವ ಈ ಅಭ್ಯಾಸ ಕೆಟ್ಟದ್ದು. ಋಣ ಆಳ ಅಸಾಧ್ಯ ಎಂಬುದೇ ಅದನ್ನು ಕಣ್ಣಿಗೆ ಬೀಳುವಂತೆ ಇಡಬೇಕಾದ ಕಾರಣ.

ಹುಡುಕದೆ ಬಿಟ್ಟಿದ್ದರೆ

ಮೂರು ದಿನದ ಪರೀಕ್ಷೆ ಮಾಡದೆ ನೇರವಾಗಿ ತಿಂಗಳುಗಟ್ಟಲೆ ಹೂಡಿದ್ದರೆ ತಪ್ಪು ಇನ್ನೊಂದು ವೇಷ ಹಾಕುತ್ತಿತ್ತು. ಜಲಾಶಯದ ಮಟ್ಟ ಅಡಿಗಳಲ್ಲಿ ದಿನವೂ ಪ್ರಕಟವಾಗುತ್ತದೆ. ಮಾಪಕವನ್ನು ತಾಳೆ ನೋಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಕಡಲಿನಲ್ಲಿ ಸಿಗುವುದಿಲ್ಲ. ಕಾಲುವೆಗಳಿಗೆ ನೀರು ಹರಿದು ಮಟ್ಟ 15 ಅಡಿ, ಅಂದರೆ 4.57 ಮೀಟರ್ ಇಳಿಯಿತು ಅಂದುಕೊಳ್ಳಿ. ಕಡಲಿನ ಸೆಟ್ಟಿಂಗ್‌ನಲ್ಲಿ ಮಾಪಕ ತೋರಿಸುವ ಇಳಿಕೆ 4.42 ಮೀಟರ್. ಮೊದಲ ದಿನದ ಕೊರತೆಯನ್ನು ಕಳೆದು ಸರಿಮಾಡಿಕೊಂಡವರಿಗೆ ಈ 15 ಸೆಂ.ಮೀ ತಿಂಗಳುಗಳಲ್ಲಿ ಮೆಲ್ಲಗೆ ಬೆಳೆದಂತೆ ಕಾಣುತ್ತದೆ, ಥೇಟು ಮಾಪಕದ ಜಾರುವಿಕೆಯಂತೆ. 50 ಡೆಸಿಬಾರ್ ವ್ಯಾಪ್ತಿಯ ಮಾಪಕ ವರ್ಷಕ್ಕೆ ನೂರಕ್ಕೆ 0.1 ಜಾರಿದರೂ 5 ಸೆಂ.ಮೀ ಮಾತ್ರ. ಒಳ್ಳೆಯ ಮಾಪಕವನ್ನು ಕೆಟ್ಟದ್ದೆಂದು ಬದಿಗಿಡುವ ಪ್ರಸಂಗ. ಪತ್ತೆ ಮಾಡುವ ದಾರಿ ಒಂದೇ: ನಿಜವಾದ ಜಾರುವಿಕೆ ದಿನದ ಲೆಕ್ಕದಲ್ಲಿ ಬೆಳೆಯುತ್ತದೆ, ಈ ತಪ್ಪು ಮಟ್ಟದ ಲೆಕ್ಕದಲ್ಲಿ ಬೆಳೆಯುತ್ತದೆ. ಕಾಲುವೆ ಬಂದ್ ಆಗಿ ಮಟ್ಟ ನಿಂತ ವಾರದಲ್ಲಿ ಇದೂ ನಿಲ್ಲುತ್ತದೆ.

ತಿರುಗುಮುರುಗಾದರೂ ಅಪಾಯವೇ. ಇಲ್ಲಿಯ ಸೆಟ್ಟಿಂಗ್ ಹೊತ್ತ ಉಪಕರಣ ಮುಂದೆ 70 ಮೀಟರ್ ಆಳದ ಖಂಡಾವರಣ ಪ್ರದೇಶದ ತಳಕ್ಕೆ ಹೋದರೆ 73 ಮೀಟರಿನ ಹತ್ತಿರ ತೋರಿಸುತ್ತದೆ. ಬೇರಿಂಗ್ ಸಮುದ್ರದಲ್ಲಿ ಬೇಸಿಗೆಯ ನೀರು ಎರಡು ಪದರ. ಮೇಲಿನದನ್ನು ಗಾಳಿ ಕಲಕುತ್ತದೆ, ತಳದ್ದನ್ನು ಉಬ್ಬರವಿಳಿತ ಕಲಕುತ್ತದೆ. ನಡುವಿನ ತೆಳು ಗಡಿಯಲ್ಲಿ ಕೆಲವೇ ಮೀಟರುಗಳಲ್ಲಿ ಹಲವು ಡಿಗ್ರಿ ವ್ಯತ್ಯಾಸ. ಆ ಗಡಿಯ ಬಳಿ ಒಂದು ಮೀಟರ್ ಆಳ ತಪ್ಪಿದರೆ ಉಷ್ಣತೆಯ ಮಾಪಕ ಎಷ್ಟೇ ನಿಖರವಾಗಿರಲಿ, ದಾಖಲೆಯಲ್ಲಿ ಒಂದು ಡಿಗ್ರಿಯ ಸುಳ್ಳು ಬದಲಾವಣೆ ಹುಟ್ಟಿಕೊಳ್ಳುತ್ತದೆ. ತಳದ ನೀರು 2 ಡಿಗ್ರಿಗಿಂತ ತಣ್ಣಗಿದೆಯೇ ಇಲ್ಲವೇ ಎಂಬುದರ ಮೇಲೆ ಅಲ್ಲಿಯ ಮೀನುಗಳ ಹರವು ನಿಂತಿದೆ. ಹತ್ತಾರು ವರ್ಷಗಳ ದಾಖಲೆಯಲ್ಲಿ ಒಂದು ವರ್ಷದ ಸೆಟ್ಟಿಂಗ್ ಬದಲಾದರೆ ಅದು ಹವಾಮಾನದ ಬದಲಾವಣೆಯಂತೆಯೇ ಕಾಣುತ್ತದೆ. ಅಂಥ ಸುಳ್ಳನ್ನು ಇಪ್ಪತ್ತು ವರ್ಷದ ನಂತರ ಬಿಡಿಸುವವರು ಯಾರು?

ಗಾಳಿಯ ಉಬ್ಬರ

ಮೂರು ದಿನದ ಒತ್ತಡದ ನಕ್ಷೆಯಲ್ಲಿ ಇನ್ನೊಂದು ಚಂದದ ಸಂಗತಿ ಕಂಡಿತು. ದಿನಕ್ಕೆ ಎರಡು ಸಲ 2ರಿಂದ 3 ಮಿಲಿಬಾರ್ ಏರಿಳಿತ. ನೀರಿನ ಮಟ್ಟ ಏರಿದ್ದಲ್ಲ. ಉಷ್ಣವಲಯದಲ್ಲಿ ವಾಯುಭಾರ ಬೆಳಿಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಏರಿ, 4ರ ಸುಮಾರಿಗೆ ಇಳಿಯುತ್ತದೆ. ವಿಶಾಲ ಕಡಲಿನಲ್ಲಿ ಗಾಳಿಯ ಭಾರ ನಿಧಾನವಾಗಿ 1 ಮಿಲಿಬಾರ್ ಏರಿದರೆ ನೀರಿನ ಮಟ್ಟ ಸುಮಾರು 1 ಸೆಂ.ಮೀ ತಗ್ಗಿ ಸರಿದೂಗಿಸುತ್ತದೆ, ತಳದ ಮಾಪಕಕ್ಕೆ ಹೆಚ್ಚು ತಿಳಿಯುವುದಿಲ್ಲ. ಜಲಾಶಯದ ನೀರಿಗೆ ಸರಿದುಹೋಗಲು ಜಾಗವಿಲ್ಲ. ಗಾಳಿಯ ಬದಲಾವಣೆ ಪೂರ್ತಿ ತಳಕ್ಕೆ ತಲುಪುತ್ತದೆ. ಹಾಗಾಗಿ ದಡದಲ್ಲಿ ಒಂದು ವಾಯುಭಾರಮಾಪಕ ನೆರಳಿನಲ್ಲಿ, ಸರದ ಉಪಕರಣಗಳಂತೆಯೇ ಹತ್ತು ನಿಮಿಷಕ್ಕೊಮ್ಮೆ, ದಾಖಲಿಸುತ್ತಲೇ ಇರಬೇಕು. ಒಂದೇ ಸಲ ನೋಡಿ ಬರೆದುಕೊಂಡ 955 ಸಾಲದು.

ಈ ಉಬ್ಬರ ಗಡಿಯಾರಕ್ಕೂ ಸಾಕ್ಷಿ. ಕಡಲಿನ ಪದ್ಧತಿಯಂತೆ ಉಪಕರಣಗಳ ಗಡಿಯಾರ ವಿಶ್ವ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕಡತದಲ್ಲಿ ಒತ್ತಡದ ಬೆಳಗಿನ ತುದಿ 4.30ಕ್ಕೆ ಬಂದಿತ್ತು, ಅಂದರೆ ನಮ್ಮ 10 ಗಂಟೆ. ಗಡಿಯಾರ ಸರಿ. ವಿಶ್ವ ಸಮಯವನ್ನು ಬದಲಿಸುವ ಅಗತ್ಯವಿಲ್ಲ, ಆದರೆ ಕಡತದ ತಲೆಬರಹದಲ್ಲಿ ಬರೆದಿರಲೇಬೇಕು. ಇಲ್ಲದಿದ್ದರೆ ಮೇಲಿನ ನೀರು ಬೆಳಿಗ್ಗೆ 9.30ಕ್ಕೇ ಅತಿ ಬೆಚ್ಚಗಾಗುತ್ತದೆ ಎಂದು ಯಾರಾದರೂ ವಿಚಿತ್ರ ಕಾರಣ ಹುಡುಕಲು ಕೂರುತ್ತಾರೆ.

ಆಮ್ಲಜನಕದಲ್ಲೂ ಅದೇ ಉಪ್ಪು

ಸರದಲ್ಲಿದ್ದ ಒಂದು ಉಪಕರಣ ಕರಗಿದ ಆಮ್ಲಜನಕವನ್ನು ಬೆಳಕಿನ ವಿಧಾನದಲ್ಲಿ ಅಳೆಯುವಂಥದ್ದು. ಅದರಲ್ಲೂ ಲವಣಾಂಶ 32 ಎಂದೇ ಬರೆದಿತ್ತು. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಹಾಗಾಗಿ ಉಪಕರಣ ನಿಜಕ್ಕಿಂತ ಆರನೇ ಒಂದು ಪಾಲು ಕಡಿಮೆ ಹೇಳುತ್ತಿತ್ತು. ಈ ತಪ್ಪು ಕಣ್ಣಿಗೆ ಬೀಳುವುದು ಕಷ್ಟ, ಏಕೆಂದರೆ ತಳದ ನೀರಿನಲ್ಲಿ ಆಮ್ಲಜನಕ ಸೊನ್ನೆಯ ಹತ್ತಿರವಿದ್ದರೆ ಸೊನ್ನೆಯ ಆರನೇ ಒಂದು ಪಾಲೂ ಸೊನ್ನೆಯೇ. ಮೇಲಿನ ನೀರಿನಲ್ಲೇ ಅದು ಬಯಲಾಗುವುದು. ಪರೀಕ್ಷೆ ಹೀಗೆ: ಒದ್ದೆ ಸ್ಪಂಜು ಇಟ್ಟ ಡಬ್ಬಿಯಲ್ಲಿ ಉಪಕರಣದ ತುದಿ ಇಟ್ಟು ಮುಚ್ಚಿ, ಉಷ್ಣತೆ ನಿಲ್ಲುವವರೆಗೆ ಕಾದು ಓದಬೇಕು. 27 ಡಿಗ್ರಿಯಲ್ಲಿ ಕಡಲಮಟ್ಟದ ಸಿಹಿನೀರಿಗೆ ಲೀಟರಿಗೆ 8 ಮಿ.ಗ್ರಾಂ ಬರಬೇಕಾದದ್ದು ಇಲ್ಲಿಯ 955 ಮಿಲಿಬಾರಿನಲ್ಲಿ 7.5. ಪುಸ್ತಕದ ಕೋಷ್ಟಕ ನೋಡಿ 8 ಬರಲಿಲ್ಲವೆಂದು ಉಪಕರಣವನ್ನು ತಿದ್ದಲು ಹೋದರೆ ಎರಡನೆಯ ತಪ್ಪು ಸೇರಿಕೊಳ್ಳುತ್ತದೆ.

ಪಾಚಿಯ ವಿಷಯಕ್ಕೆ ಬಂದರೆ, ಮಳೆಗಾಲದ ಸುಮಾರಿಗೆ ತುಂಗಭದ್ರೆಯ ನೀರು ಹಸಿರಾಗುವುದನ್ನು ಈ ಭಾಗದವರು ನೋಡಿದ್ದಾರೆ. ಬೆಳಕಿನ ಕಿಟಕಿಯ ಸುತ್ತ ತಾಮ್ರದ ಪಟ್ಟಿ ಸುತ್ತಿದರೆ ಪಾಚಿ ಕೂರುವುದು ತಡವಾಗುತ್ತದೆ. ತಾಮ್ರ ಅಲ್ಯೂಮಿನಿಯಂ ಕವಚಕ್ಕೆ ತಾಗದಂತೆ ಕೆಳಗೆ ಎರಡು ಸುತ್ತು ಪಿವಿಸಿ ಟೇಪ್ ಹಾಕಬೇಕು. ಪಾಚಿಗಿಂತ ಇಲ್ಲಿ ಹೂಳಿನ ನುಣುಪು ಪುಡಿಯೇ ಹೆಚ್ಚು ಕಾಡುತ್ತದೆ. ಕಿಟಕಿ ಮೇಲ್ಮುಖವಾಗಿ ಇರದಂತೆ ಪಕ್ಕಕ್ಕೆ ತಿರುಗಿಸಿ ಕಟ್ಟುವುದು ಸಾಕು.

ಎರಡನೆಯ ಹೂಡಿಕೆ

ಸೆಟ್ಟಿಂಗ್ ಬದಲಿಸಿ ಮತ್ತೆ ಹೂಡುವಾಗ ಒಂದು ನಿರ್ಧಾರ ಮುಖ್ಯವಾಗಿತ್ತು: ಉಪಕರಣ ಆಳ ಲೆಕ್ಕ ಹಾಕುವುದನ್ನೇ ನಿಲ್ಲಿಸಿ, ಒಟ್ಟು ಒತ್ತಡವನ್ನು ಮಾತ್ರ ಉಳಿಸುವುದು. ಆಳ ಎಂಬುದು ಅಳತೆಯಲ್ಲ, ಅಳತೆಯ ಮೇಲೆ ಕಟ್ಟಿದ ಲೆಕ್ಕ. ಲೆಕ್ಕವನ್ನು ದಡದ ಮೇಲೆ, ಆ ಹೊತ್ತಿನ ವಾಯುಭಾರ ಮತ್ತು ಆ ತಿಂಗಳ ನೀರಿನ ಸಾಂದ್ರತೆ ಹಿಡಿದು ಎಷ್ಟು ಸಲ ಬೇಕಾದರೂ ಮಾಡಬಹುದು. ಆಮ್ಲಜನಕಕ್ಕೂ ಹಾಗೆಯೇ, ಲವಣಾಂಶ ಸೊನ್ನೆ ಎಂದು ಬರೆದು ಕಚ್ಚಾ ಸಂಕೇತವನ್ನೂ ಉಳಿಸಿಕೊಳ್ಳಲಾಯಿತು.

ದಾಖಲೆ ಹಾಳೆಗೆ ಹೊಸದಾಗಿ ಸೇರಿದ ಸಾಲುಗಳು ಇವು: ಉಪಕರಣದಲ್ಲಿರುವ ವಾಯುಭಾರ, ಸಾಂದ್ರತೆ, ಅಕ್ಷಾಂಶ, ಲವಣಾಂಶ, ದಡದ ಮಾಪಕದ ವಾಯುಭಾರ, ಗಾಳಿಯಲ್ಲಿ 30 ನಿಮಿಷದ ಕಚ್ಚಾ ಓದು, ಹೂಡುವ ಮುನ್ನ ಮತ್ತು ಎತ್ತಿದ ಮೇಲೆ, ಚಪ್ಪಟೆ ತಟ್ಟೆಯ ಆಳ, ಅಂದಿನ ಜಲಾಶಯ ಮಟ್ಟ ಅಡಿಗಳಲ್ಲಿ. ಹಾಳೆಯನ್ನು ತುಂಬುವವರು ಒಬ್ಬರು, ಉಪಕರಣದ ಪರದೆ ನೋಡಿ ಜೋರಾಗಿ ಓದುವವರು ಇನ್ನೊಬ್ಬರು. ಒಬ್ಬರೇ ಎರಡೂ ಮಾಡಿದರೆ ಇರಬೇಕಾದ ಅಂಕಿಯನ್ನೇ ಕೈ ಬರೆದುಬಿಡುತ್ತದೆ.

ಮೇಲೆತ್ತುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಲಿಲ್ಲ. ತುಂಬಿದ ಮಟ್ಟದಿಂದ 6 ಮೀಟರ್, ಅಂದರೆ 20 ಅಡಿ ಇಳಿಯುವಷ್ಟರಲ್ಲಿ ತೇಲುಗೋಳ ನೀರಿನ ಮೇಲೆ ಕಾಣಿಸಿಕೊಂಡು, ಹಗ್ಗ ಸಡಿಲವಾಗಿ, ಉಪಕರಣಗಳು ಒಂದರ ಮೇಲೊಂದು ಜೋತು ಬೀಳುತ್ತವೆ. ಮಟ್ಟ ಯಾವಾಗ ಎಷ್ಟು ಇಳಿಯುತ್ತದೆಂದು ಮೊದಲೇ ಹೇಳಲಾಗದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾದಾಗ ತುಂಬಿದ ಜಲಾಶಯದ ನೀರನ್ನು ಮಳೆಗಾಲದ ನಡುವೆಯೇ ಹೊರಬಿಡಬೇಕಾಗಿ ಬಂದದ್ದು ಇಲ್ಲಿಯವರಿಗೆ ಮರೆತಿಲ್ಲ. ಆದ್ದರಿಂದ ಹಾಳೆಯ ತಲೆಯಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಅಂಕಿ: 1,618 ಅಡಿ. ಪ್ರಕಟವಾದ ಮಟ್ಟ ಆ ಅಂಕಿ ಮುಟ್ಟಿದ ಮಾರನೆಯ ಬೆಳಿಗ್ಗೆ ಹರಿಗೋಲು ಹೊರಡಬೇಕು. ಆಗ ತೇಲುಗೋಳದ ಮೇಲೆ ಇನ್ನೂ ಒಂದು ಮೀಟರಿಗಿಂತ ತುಸು ಹೆಚ್ಚು ನೀರಿರುತ್ತದೆ.